ಬಾವು ಬೇರೆ, ನೋವು ಬೇರೆ: ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ನನ್ನ ಬಲಗೈ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಚ್ಚಾಗಿ ಕುಪ್ಪಸ, ಹಬ್ಬ ಬಂದರೆ ಮಕ್ಕಳ ಲಂಗ. 2022ರಲ್ಲಿ ಬಲಗಡೆಯ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಸ್ತನದ ಜೊತೆಗೆ ಕಂಕುಳಿನ ದುಗ್ಧ ಗ್ರಂಥಿಗಳನ್ನೂ (ಆಸ್ಪತ್ರೆಯಲ್ಲಿ ಲಿಂಫ್ ನೋಡ್ ಎನ್ನುತ್ತಾರೆ) ತೆಗೆದರು. ಆಮೇಲೆ ಕಿಮೋ, ಅದು ಮುಗಿದ ಮೇಲೆ ನಮ್ಮ ಕಡೆ ಎಲ್ಲರೂ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್. ಆ ಭಾಗವನ್ನು ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ಅದೆಲ್ಲ ಮುಗಿದು, ನೆಂಟರು ಬಾಳೆಹಣ್ಣು ಹಿಡಿದುಕೊಂಡು ಬಂದು ‘ಇನ್ನೇನು, ಗೆದ್ದು ಬಂದೆ’ ಎಂದು ಹೇಳಿ ಹೋದ ಮೇಲೆ ಶುರುವಾದದ್ದನ್ನು.

ಮೊದಲು ಬಂದದ್ದು ನೋವು. ಗಾಯ ಒಣಗಿತ್ತು, ಹೊಲಿಗೆ ಬಿಚ್ಚಿದ್ದರು, ಪಕ್ಕೆಯಲ್ಲಿ ಇಟ್ಟಿದ್ದ ಪೈಪನ್ನೂ ತೆಗೆದಿದ್ದರು. ಆದರೂ ತೋಳಿನ ಒಳಭಾಗ, ಕಂಕುಳು, ಎದೆಯ ಪಕ್ಕ ಇಷ್ಟೂ ಜಾಗ ಒಂದು ಹೊತ್ತು ಜೋಮು, ಒಂದು ಹೊತ್ತು ಉರಿ. ಕುಪ್ಪಸದ ಅಂಚು ತಾಗಿದರೆ ಮೆಣಸಿನಪುಡಿ ತಿಕ್ಕಿದಂತಾಗುತ್ತಿತ್ತು. ಹಗಲು ಚಿವುಟಿದರೂ ಗೊತ್ತಾಗದ ಜಾಗವೇ ರಾತ್ರಿ ಉರಿದು ನಿದ್ದೆ ಕೆಡಿಸುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಇಲ್ಲದ ಸ್ತನದಲ್ಲಿ ತುರಿಕೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಅಲ್ಲಿ ಬರಿಯ ಪಕ್ಕೆಲುಬು. ಇದನ್ನು ಯಾರಿಗೂ ಹೇಳಲಿಲ್ಲ. ತಲೆ ಕೆಟ್ಟಿದೆ ಎಂದುಕೊಂಡಾರು ಎನ್ನುವ ಅಂಜಿಕೆ. ನಿಮಗೂ ಹಾಗೆ ಆಗುತ್ತಿದ್ದರೆ ಅಂಜಬೇಡಿ, ಡಾಕ್ಟರಿಗೆ ನೇರವಾಗಿ ಹೇಳಿ. ಅವರಿಗೆ ಇದು ಹೊಸದಲ್ಲ. ಕಾಲು ತೆಗೆಸಿಕೊಂಡವರಿಗೆ ಇಲ್ಲದ ಪಾದ ನೋಯುವಂಥದ್ದೇ ಇದೂ.

ಬಾವು ತಡವಾಗಿ ಬಂತು. ರೇಡಿಯೇಷನ್ ಮುಗಿದು ಹಲವು ತಿಂಗಳು ಕಳೆದಿದ್ದವು. ಮದುವೆಗಳ ಕಾಲ, ಅಂಗಡಿಯಲ್ಲಿ ಬಟ್ಟೆ ರಾಶಿ ಬಿದ್ದಿತ್ತು. ಸಂಜೆ ಹೊತ್ತಿಗೆ ಬಲಗೈ ಭಾರವೆನಿಸುತ್ತಿತ್ತು, ಕತ್ತರಿ ಹಿಡಿದ ಬೆರಳುಗಳು ಬಿಗಿಯುತ್ತಿದ್ದವು. ರಾತ್ರಿ ಮಲಗಿ ಎದ್ದರೆ ಕಡಿಮೆ. ದುಡಿತ ಹೆಚ್ಚಾಯಿತು ಎಂದು ನಾವೆಲ್ಲ ಅಂದುಕೊಂಡೆವು. ಬಳೆ ತೊಡಿಸಲು ಬಂದವಳು ‘ಅಕ್ಕಾ, ಈ ಕೈಗೆ ಒಂದು ಸೈಜು ದೊಡ್ಡದೇ ಬೇಕು’ ಎಂದಾಗ ಟೇಪು ತೆಗೆದೆ.

ನನ್ನ ಅಳತೆ ಪುಸ್ತಕದಲ್ಲಿ ಗಿರಾಕಿಗಳ ನಡುವೆ ನನ್ನದೂ ಒಂದು ಪುಟ ಇತ್ತು, ಕಾಯಿಲೆಗೆ ಮೊದಲು ಬರೆದದ್ದು. ತೋಳಿನ ಸುತ್ತಳತೆ 12 ಇಂಚು. ಎಡಗೈ ಈಗಲೂ 12 ಇತ್ತು. ಬಲಗೈ 14. ಆಸ್ಪತ್ರೆಯ ನನ್ನ ದಪ್ಪನೆಯ ಫೈಲಿನಲ್ಲಿ ರಕ್ತದ್ದು, ಹೃದಯದ್ದು, ಎಲುಬಿನದು ಎಲ್ಲದರ ಲೆಕ್ಕ ಇತ್ತು, ತೋಳಿನ ಅಳತೆ ಮಾತ್ರ ಎಲ್ಲೂ ಇರಲಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಹೋಗುವವರು ಮೊದಲೇ ಎರಡೂ ಕೈಗಳನ್ನು ಅಳೆದು ಬರೆದಿಟ್ಟುಕೊಳ್ಳಿ: ಅಂಗೈ, ಮಣಿಕಟ್ಟು, ಮೊಣಕೈಯಿಂದ 10 ಸೆಂಟಿಮೀಟರ್ ಕೆಳಗೆ, 10 ಸೆಂಟಿಮೀಟರ್ ಮೇಲೆ. ಹೊಲಿಗೆ ಟೇಪಿನ ಒಂದು ಮಗ್ಗುಲಲ್ಲಿ ಸೆಂಟಿಮೀಟರ್ ಇರುತ್ತದೆ. ಒಂದೇ ಜಾಗದಲ್ಲಿ ಎರಡು ಸೆಂಟಿಮೀಟರಿನಷ್ಟು ಹೆಚ್ಚಾದರೆ ಕಾಯುತ್ತ ಕೂರಬಾರದು.

ಸಲಹೆಗಳಿಗೇನು ಕೊರತೆ. ಪಕ್ಕದ ಮನೆಯವರು ‘ಆನೆಕಾಲು ಕೈಗೂ ಬರುತ್ತದೆಯಂತೆ’ ಎಂದು ಹೆದರಿಸಿದರು. ಅತ್ತೆ ಉಪ್ಪಿನ ಗಂಟು ಕಾಸಿ ಶಾಖ ಕೊಡಲು ಕುಳಿತರು. ಕರೆಂಟ್ ಕೊಟ್ಟ ಚರ್ಮಕ್ಕೆ ಬಿಸಿ ತಾಗಿಸಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ನೆನಪಿತ್ತು, ಬೇಡವೆಂದೆ, ಅತ್ತೆಗೆ ಬೇಸರವಾಯಿತು. ಹತ್ತಿರದ ಒಬ್ಬ ಡಾಕ್ಟರು ನೀರು ಇಳಿಸುವ ಮಾತ್ರೆ ಬರೆದುಕೊಟ್ಟರು. ಮೂತ್ರಕ್ಕೆ ಓಡಾಡಿ ಸುಸ್ತಾಯಿತು, ಕಾಲಿನ ಮೀನಖಂಡ ಹಿಡಿದುಕೊಂಡಿತು, ಕೈ ಇದ್ದಂತೆಯೇ ಇತ್ತು. ಈ ಬಾವಿನಲ್ಲಿ ಇರುವುದು ಬರಿಯ ನೀರಲ್ಲ, ಪ್ರೋಟೀನ್ ತುಂಬಿದ ದುಗ್ಧರಸ, ಅಂದರೆ ಮೈಯ ಅಂಗಾಂಶಗಳಿಂದ ಒಸರಿ ರಕ್ತಕ್ಕೆ ಮರಳಬೇಕಾದ ದ್ರವ. ಆ ಮಾತ್ರೆ ಅದನ್ನು ಹೊರಹಾಕುವುದಿಲ್ಲ.

ಅಷ್ಟರಲ್ಲಿ ಒಳಗೊಳಗೇ ಇನ್ನೊಂದು ಭಯ ಬೆಳೆದಿತ್ತು. ರೋಗ ಕಂಕುಳಿಗೆ ತಿರುಗಿ ಬಂತೇ? ನಮ್ಮ ಯಜಮಾನರೂ ಅದನ್ನೇ ಯೋಚಿಸುತ್ತಿದ್ದರು, ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಹೋದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿದರೆ ನನಗೆ ಶೂನ್ಯ ಟಿಕೆಟ್, ಖರ್ಚು ಅವರ ಟಿಕೆಟಿನದು ಮಾತ್ರ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಚೀಟಿ ಮಾಡಿಸಲು ಒಂದು ಸಾಲು, ಹಳೆಯ ಫೈಲು ಹುಡುಕಿಸಲು ಇನ್ನೊಂದು, ಡಾಕ್ಟರ ಕೋಣೆಯ ಮುಂದೆ ಮತ್ತೊಂದು. ಊಟದ ಹೊತ್ತು ಮೀರಿದ ಮೇಲೆ ಒಳಗೆ ಕರೆದರು. ಎರಡು ಪರೀಕ್ಷೆ ಬರೆದುಕೊಟ್ಟರು: ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ನೋಡಲು ಡಾಪ್ಲರ್, ಕಂಕುಳಿಗೆ ಅಲ್ಟ್ರಾಸೌಂಡ್. ಇವೆರಡನ್ನು ತಪ್ಪಿಸಬೇಡಿ. ಹೊಸದಾಗಿ ಕೈ ಬಾತಾಗ ಹೆಪ್ಪುಗಟ್ಟಿದ್ದಲ್ಲ, ರೋಗ ಮರುಕಳಿಸಿದ್ದಲ್ಲ ಎಂದು ಖಚಿತವಾದ ಮೇಲೆಯೇ ಮುಂದಿನ ಮಾತು. ಒಮ್ಮೆಲೇ ಬಾತು, ಕೈ ನೀಲಿಗಟ್ಟಿ ನೋಯುತ್ತಿದ್ದರೆ ಅದೇ ದಿನ ಹೋಗಬೇಕು.

ಎರಡರಲ್ಲೂ ಏನೂ ಇರಲಿಲ್ಲ. ನಮಗೆ ಕಣ್ಣೀರು ಬಂತು. ಆ ಡಾಕ್ಟರು ಫೈಲು ಮುಚ್ಚಿ, ‘ಇದೆಲ್ಲ ಇರುವುದೇ ಅಮ್ಮಾ, ಜೀವ ಉಳಿದಿದೆಯಲ್ಲ’ ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಹೊರಗೆ ಜೀವಕ್ಕೆ ಹೋರಾಡುತ್ತಿದ್ದವರ ಸಾಲೇ ಇತ್ತು. ಆದರೂ ಆ ಮಾತು ಇವತ್ತಿಗೂ ನನಗೆ ಸರಿ ಎನಿಸಿಲ್ಲ. ಉಳಿದ ಜೀವ ಬದುಕಬೇಕಲ್ಲ, ಕತ್ತರಿ ಹಿಡಿಯಬೇಕಲ್ಲ, ರೊಟ್ಟಿ ಬಡಿಯಬೇಕಲ್ಲ. ಶಸ್ತ್ರಚಿಕಿತ್ಸೆಯವರು ನಮ್ಮ ಕೆಲಸ ಮುಗಿಯಿತು ಎನ್ನುತ್ತಾರೆ, ಕರೆಂಟಿನವರು ಅವರನ್ನು ಕೇಳಿ ಎನ್ನುತ್ತಾರೆ, ಎಲುಬಿನ ಡಾಕ್ಟರು ನೋವಿನ ಮಾತ್ರೆ ಕೊಡುತ್ತಾರೆ. ಈ ಕೈ ಯಾರ ಪಾಲಿಗೂ ಸೇರಿದ್ದಲ್ಲ.

ದಾರಿ ತೋರಿಸಿದ್ದು ಆ ಸಾಲಿನಲ್ಲಿ ನನ್ನ ಹಿಂದೆ ಕುಳಿತಿದ್ದ ಹಾವೇರಿ ಕಡೆಯ ಹೆಣ್ಣುಮಗಳು. ಅವಳ ತೋಳಿಗೆ ಚರ್ಮದ ಬಣ್ಣದ ಬಿಗಿ ಚೀಲ ಇತ್ತು. ಬಟ್ಟೆಯ ನೇಯ್ಗೆ ಮೇಲೆ ನನ್ನ ಕಣ್ಣು ಬಿತ್ತು, ಮಾತು ಅಲ್ಲಿಂದ ಬೆಳೆಯಿತು. ಇಂಥ ಬಾವಿಗೆ ಲಿಂಫೆಡಿಮಾ ಎನ್ನುತ್ತಾರೆ, ಇದರ ಚಿಕಿತ್ಸೆ ಕಲಿತ ಫಿಜಿಯೋಥೆರಪಿಸ್ಟ್ ಹುಬ್ಬಳ್ಳಿಯಲ್ಲೇ ಇದ್ದಾರೆ ಎಂದು ಅವಳು ನಂಬರು ಕೊಟ್ಟಳು. ಎಲ್ಲ ಫಿಜಿಯೋಥೆರಪಿಸ್ಟರಿಗೂ ಇದು ಬರುವುದಿಲ್ಲ, ಫೋನಿನಲ್ಲೇ ‘ಲಿಂಫೆಡಿಮಾಗೆ ಬ್ಯಾಂಡೇಜ್ ಕಟ್ಟುತ್ತೀರಾ’ ಎಂದು ಕೇಳಿ. ಹೋಗುವಾಗ ಡಿಸ್ಚಾರ್ಜ್ ಕಾರ್ಡು, ತೆಗೆದ ಭಾಗವನ್ನು ಪರೀಕ್ಷಿಸಿ ಕೊಡುವ ಹಿಸ್ಟೋಪೆಥಾಲಜಿ ವರದಿ, ರೇಡಿಯೇಷನ್ ಕೊಟ್ಟ ವಿವರದ ಚೀಟಿ, ಡಾಪ್ಲರ್ ವರದಿ, ನಡೆಯುತ್ತಿರುವ ಮಾತ್ರೆಗಳ ಪಟ್ಟಿ ಇಷ್ಟೂ ಕೈಯಲ್ಲಿರಲಿ. ಕಂಕುಳಿನಿಂದ ಎಷ್ಟು ಗ್ರಂಥಿ ತೆಗೆದರು ಎನ್ನುವುದು ಹಿಸ್ಟೋಪೆಥಾಲಜಿ ವರದಿಯಲ್ಲಿ ಇರುತ್ತದೆ. ನನ್ನದರಲ್ಲಿ 17 ತೆಗೆದು 2ರಲ್ಲಿ ರೋಗ ಇತ್ತೆಂದು ಬರೆದಿತ್ತು.

ಆ ಫಿಜಿಯೋಥೆರಪಿ ಮೇಡಂ ಮೊದಲ ದಿನ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಕೈಯಿಂದ ಹೊರಡುವ ದುಗ್ಧರಸ ಕಂಕುಳಿನ ಗ್ರಂಥಿಗಳ ಮೂಲಕ ಮೇಲೆ ಹೋಗಬೇಕು. ಗ್ರಂಥಿ ತೆಗೆದರೆ ದಾರಿ ಕಿರಿದಾಗುತ್ತದೆ, ರೇಡಿಯೇಷನ್‌ನಿಂದ ಅಲ್ಲಿ ಗಟ್ಟಿ ಕಲೆ ಕಟ್ಟಿದರೆ ಇನ್ನೂ ಕಿರಿದಾಗುತ್ತದೆ. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸಿದವರಿಗೆ ಅಪಾಯ ಬಹಳ ಕಡಿಮೆ. ವರ್ಷಗಟ್ಟಲೆ ಬಿಟ್ಟೂ ಬರಬಹುದು. ಬೆರಳಿನಿಂದ ಒತ್ತಿದರೆ ಗುಳಿ ಬೀಳುವ ಹಂತದಲ್ಲಿ ಹಿಡಿದರೆ ಚೆನ್ನಾಗಿ ಇಳಿಯುತ್ತದೆ, ಬಿಟ್ಟರೆ ಒಳಗೆ ಕೊಬ್ಬು, ನಾರು ಸೇರಿ ಕೈ ಕಲ್ಲಾಗುತ್ತದೆ. ಪೂರ್ತಿ ಗುಣವಾಗುವುದೇ ಎಂದು ಕೇಳಿದೆ. ‘ಇಲ್ಲ ಅಕ್ಕಾ, ಸಕ್ಕರೆ ಕಾಯಿಲೆ ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು’ ಎಂದರು. ಅಷ್ಟು ದಿನದಲ್ಲಿ ಯಾರೂ ಇಷ್ಟು ಬಿಚ್ಚಿ ಹೇಳಿರಲಿಲ್ಲ. ಉತ್ತರ ಕೆಟ್ಟದಾದರೂ ಹಗುರವಾದೆ.

ಚಿಕಿತ್ಸೆ ಶುರುವಾದದ್ದು ಬಿರು ಬೇಸಿಗೆಯಲ್ಲಿ, ತೋಂಟದಾರ್ಯ ಮಠದ ಜಾತ್ರೆಯ ಹೊತ್ತಿಗೆ. ಮೊದಲು ಚರ್ಮಕ್ಕೆ ಎಣ್ಣೆಯಂಥ ಲೋಷನ್. ಆಮೇಲೆ ಕೈಯಿಂದ ನೀವುವುದು. ನಾನು ಬಾಣಂತಿಗೆ ತಿಕ್ಕುವ ಹಾಗೆ ತಿಕ್ಕುತ್ತಾರೆ ಎಂದುಕೊಂಡಿದ್ದೆ, ಅವರು ಬರೀ ಚರ್ಮವನ್ನು ಸರಿಸಿದರು, ಅದೂ ಕೈಯಿಂದ ಶುರುಮಾಡಲಿಲ್ಲ. ಕುತ್ತಿಗೆ, ಎಡಗಡೆಯ ಕಂಕುಳು, ಆಮೇಲೆ ಎದೆ, ಕೊನೆಗೆ ಬಲತೋಳು. ಮುಂದಿನ ದಾರಿ ತೆರವಾಗದೆ ಹಿಂದಿನದನ್ನು ತಳ್ಳಿ ಪ್ರಯೋಜನವಿಲ್ಲವಂತೆ. ಬಲವಾಗಿ ತಿಕ್ಕಿಸಿಕೊಂಡರೆ ಬಾವು ಹೆಚ್ಚಾಗುತ್ತದೆ. ಎಣ್ಣೆ ಹಚ್ಚಿ ಉಜ್ಜಿ ಇಳಿಸುತ್ತೇವೆ ಎನ್ನುವವರ ಕೈಗೆ ಈ ತೋಳು ಕೊಡಬೇಡಿ. ಅದಾದ ಮೇಲೆ ಬ್ಯಾಂಡೇಜ್: ಒಳಗೆ ಹತ್ತಿಯ ಚೀಲ, ಪ್ರತಿ ಬೆರಳಿಗೂ ಸಣ್ಣ ಪಟ್ಟಿ, ಮೇಲೆ ಸ್ಪಂಜಿನಂಥ ಪದರ, ಅದರ ಮೇಲೆ ಕಡಿಮೆ ಹಿಗ್ಗುವ ವಿಶೇಷ ಪಟ್ಟಿ, ಬೆರಳಿನಿಂದ ಕಂಕುಳಿನವರೆಗೆ. ಔಷಧಿ ಅಂಗಡಿಯ ಸಾದಾ ಕ್ರೇಪ್ ಬ್ಯಾಂಡೇಜ್ ನಡೆಯುವುದಿಲ್ಲ. ಹಗಲೂ ರಾತ್ರಿಯೂ ಕಟ್ಟಿಕೊಂಡೇ ಇರಬೇಕು.

ಆ ವಾರಗಳು ಕಷ್ಟದವು. ಬೆವರಿಗೆ ಪಟ್ಟಿಯೊಳಗೆ ತುರಿಕೆ, ಬಸ್ಸಿನಲ್ಲಿ ‘ಏನಾಯಿತು, ಬಿದ್ದಿರಾ’ ಎಂಬ ವಿಚಾರಣೆ. ಹೊಲಿಗೆ ನಿಂತಿತು, ಗಿರಾಕಿಗಳು ಬೇರೆ ಕಡೆ ಹೋದರು, ಅದರ ನಷ್ಟವನ್ನು ಯಾವ ಬಿಲ್ಲಿನಲ್ಲೂ ಬರೆಯುವುದಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವವಳು ನಾನೊಬ್ಬಳೇ ಆಗಿದ್ದೆ. ಒಲೆಯ ಬಿಸಿ, ಒಂದೇ ಸಮನೆ ಬಡಿತ, ಎರಡೂ ಆ ಕೈಗೆ ಆಗದು. ಮಹಿಳಾ ಸಂಘದವರಿಂದ ಖಡಕ್ ರೊಟ್ಟಿ ತರಿಸತೊಡಗಿದೆವು. ಅತ್ತೆ ಕೆಲವು ದಿನ ಮುಖ ಗಂಟಿಕ್ಕಿಕೊಂಡರು, ಆಮೇಲೆ ಎಣ್ಣೆಗಾಯಿ ಜೊತೆ ಎರಡು ಹೆಚ್ಚೇ ತಿಂದರು.

ಟೇಪು ಮಾತ್ರ ಸುಳ್ಳು ಹೇಳಲಿಲ್ಲ. ವಾರವಾರಕ್ಕೂ ಇಳಿದು 12 ಮುಕ್ಕಾಲು ಇಂಚಿಗೆ ನಿಂತಿತು. ಅಲ್ಲಿಂದ ಕೆಳಗೆ ಹೋಗಲೇ ಇಲ್ಲ. ಆಗ ಸ್ಲೀವ್, ಅಂದರೆ ಆ ಹಾವೇರಿಯವಳು ತೊಟ್ಟಿದ್ದಂಥ ಬಿಗಿ ಚೀಲ, ತರಿಸುವ ಹೊತ್ತು. ಬಾವು ಇಳಿಸಿದ ಮೇಲೆಯೇ ಅಳತೆ ಕೊಡಬೇಕು. ಮೊದಲೇ ಕೊಂಡರೆ ಬಾತ ಕೈಯ ಅಳತೆಗೆ ದುಡ್ಡು ಕೊಟ್ಟಂತೆ. ನನಗೆ ಹೇಳಿದ್ದು ಎರಡನೇ ದರ್ಜೆಯದು, ಅಂದರೆ 23ರಿಂದ 32 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಹೊರ ಊರಿನಿಂದ ತರಿಸಿದ್ದು ಬಂದಾಗ ಮೇಲ್ದೋಳಿನಲ್ಲಿ ಸಡಿಲವಿತ್ತು. ನನಗೇನು, ಪಕ್ಕದಲ್ಲಿ ಒಂದು ಹೊಲಿಗೆ ಹಾಕಿದರೆ ಆಯಿತು ಎಂದು ಸೂಜಿ ಪೋಣಿಸುತ್ತಿದ್ದೆ. ಮೇಡಂ ಫೋನಿನಲ್ಲೇ ಗದರಿದರು. ಅದರ ಬಿಗಿ ಮಣಿಕಟ್ಟಿನಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಆಗುವಂತೆ ಹೆಣೆದಿರುತ್ತಾರೆ. ನಡುವೆ ಒಂದು ಹೊಲಿಗೆ ಬಿದ್ದರೆ ಅಲ್ಲೇ ಕಟ್ಟೆ ಕಟ್ಟಿದಂತಾಗಿ ಕೆಳಗೆ ಬಾಯುತ್ತದೆ. ಮೂವತ್ತು ವರ್ಷ ಹೊಲಿದವಳಿಗೆ ಒಂದು ಬಟ್ಟೆಯನ್ನು ಮುಟ್ಟಬೇಡ ಎನ್ನುವುದೆಂದರೆ! ವಾಪಸು ಕಳಿಸಿ ಹೊಸದು ಬರುವಷ್ಟರಲ್ಲಿ ಮತ್ತೆ ಬ್ಯಾಂಡೇಜ್. ಅಂಗೈ ಹಿಂಭಾಗ ಸ್ವಲ್ಪ ಬಾತಿದ್ದರಿಂದ ಜೊತೆಗೆ ಕೈಗವಸೂ ಬೇಕಾಯಿತು, ಇಲ್ಲದಿದ್ದರೆ ತೋಳಿನ ರಸ ಕೈಗೆ ಇಳಿದು ನಿಲ್ಲುತ್ತದೆ. ಬೆಳಿಗ್ಗೆ ಎದ್ದೊಡನೆ ಹಾಕಿಕೊಂಡು, ಮಲಗುವಾಗ ತೆಗೆಯುತ್ತೇನೆ.

ಖರ್ಚಿನ ಮಾತು. ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಷನ್ ಎಲ್ಲ ಬಿಪಿಎಲ್ ಕಾರ್ಡಿನ ಮೇಲೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಆಗಿತ್ತು. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಈ ಕೈಗೆ ಮಾಡಿದ್ದೆಲ್ಲ ನನ್ನ ಜೇಬಿನಿಂದ. ಬ್ಯಾಂಡೇಜಿನ ಸಾಮಾನಿಗೆ ಸುಮಾರು 5,000 ರೂಪಾಯಿ, ಒಗೆದು ಮತ್ತೆ ಮತ್ತೆ ಬಳಸಬಹುದು. ಸ್ಲೀವ್ ಮತ್ತು ಕೈಗವಸಿಗೆ 4,000ಕ್ಕಿಂತ ಸ್ವಲ್ಪ ಹೆಚ್ಚು. ವಿದೇಶದ್ದಾದರೆ ಇದರ ಮೂರು ಪಟ್ಟು ಕೇಳುತ್ತಾರೆ. ಆರು ತಿಂಗಳಿಗೆ ಬಿಗಿ ಹೋಗುವುದರಿಂದ ಹೊಸದು ಬೇಕು. ಒಗೆಯಲು, ಬದಲಾಯಿಸಲು ಎರಡು ಇರಬೇಕು ಎನ್ನುತ್ತಾರೆ. ನನ್ನಲ್ಲಿ ಇರುವುದು ಒಂದೇ, ರಾತ್ರಿ ಒಗೆದು ನೆರಳಿನಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಹಾಕಿದರೆ ಇಲಾಸ್ಟಿಕ್ ಸಾಯುತ್ತದೆ.

ಎಲ್ಲ ಹದಕ್ಕೆ ಬಂತು ಎನ್ನುವಾಗ ಒಂದು ರಾತ್ರಿ ನಡುಕ ಹತ್ತಿಕೊಂಡು ಜ್ವರ ಬಂತು. ಹಿಂದಿನ ದಿನ ಹೆಮ್ಮಿಂಗ್ ಮಾಡುವಾಗ ಸೂಜಿ ಚುಚ್ಚಿತ್ತು, ನಮ್ಮ ಕಸುಬಿನಲ್ಲಿ ಅದನ್ನು ಯಾರು ಲೆಕ್ಕ ಇಡುತ್ತಾರೆ? ಮುಂಜಾನೆ ಹೊತ್ತಿಗೆ ಮೊಣಕೈವರೆಗೆ ಕೆಂಪಾಗಿ ಕೈ ಕಾದ ತವೆಯಂತಾಗಿತ್ತು. ಆಸ್ಪತ್ರೆಗೆ ಸೇರಿಸಿ ಎಡಗೈಗೆ ಆ್ಯಂಟಿಬಯೋಟಿಕ್ ಏರಿಸಿದರು. ಇದಕ್ಕೆ ಸೆಲ್ಯುಲೈಟಿಸ್ ಎನ್ನುತ್ತಾರೆ. ದುಗ್ಧರಸ ಹರಿಯದ ಕೈಯಲ್ಲಿ ಸಣ್ಣ ಗಾಯದ ಸೋಂಕೂ ಗಂಟೆಗಳಲ್ಲಿ ಹಬ್ಬುತ್ತದೆ, ಪ್ರತಿ ಸಲವೂ ಬಾವನ್ನು ಇನ್ನಷ್ಟು ಹೆಚ್ಚಿಸಿ ಹೋಗುತ್ತದೆ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ದಿನಗಳಲ್ಲಿ ನೀವುವುದು ಬೇಡ, ಬ್ಯಾಂಡೇಜು, ಸ್ಲೀವ್ ಯಾವಾಗ ಮತ್ತೆ ಹಾಕಬೇಕೆಂದು ಡಾಕ್ಟರನ್ನೇ ಕೇಳಿ. ಈಗ ನಾನು ಬೆರಳಿಗೆ ಲೋಹದ ಟೊಪ್ಪಿಗೆ ಹಾಕಿಕೊಂಡೇ ಸೂಜಿ ಹಿಡಿಯುತ್ತೇನೆ, ಪಾತ್ರೆ ತಿಕ್ಕಲು ರಬ್ಬರ್ ಗವಸು, ಉಗುರಿನ ಬುಡದ ಚರ್ಮ ಕೀಳುವುದಿಲ್ಲ. ಆ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡವೆಂದು ಹೇಳುವುದು ರೂಢಿ. ಅದರಿಂದ ಮೊದಲು ಭಾವಿಸಿದಷ್ಟು ಅಪಾಯವಿಲ್ಲ ಎಂದು ಇತ್ತೀಚಿನ ಅಧ್ಯಯನಗಳು ಹೇಳುತ್ತವಂತೆ. ನನಗೆ ಎಡಗೈ ಇರುವಾಗ ಬಲಗೈ ಏಕೆ ಕೊಡಲಿ?

ಬಾವು ಹತೋಟಿಗೆ ಬಂದರೂ ಉರಿ ಹೋಗಿರಲಿಲ್ಲ. ಇಷ್ಟು ದಿನ ಎರಡೂ ಒಂದೇ ಎಂದು ನಾನೂ ತಿಳಿದಿದ್ದೆ, ನೋಡಿದ ಡಾಕ್ಟರುಗಳೂ ಬಿಡಿಸಿ ಹೇಳಿರಲಿಲ್ಲ. ಬಿಡಿಸಿ ಹೇಳಿದವರು ಅರಿವಳಿಕೆ ವಿಭಾಗದ ಡಾಕ್ಟರು. ಹಳೆಯ ನೋವಿಗೆ ಚಿಕಿತ್ಸೆ ಕೊಡುವ ಪೇನ್ ಕ್ಲಿನಿಕ್ ಸಾಮಾನ್ಯವಾಗಿ ಅವರ ಕೈಯಲ್ಲಿರುತ್ತದೆ ಎನ್ನುವುದು ನನಗೇನು ಗೊತ್ತು. ಅವರು ನನ್ನ ನೋವನ್ನೇ ಭಾಗ ಮಾಡಿದರು. ಉರಿ, ಜೋಮು, ಮಿಂಚು ಹೊಡೆದಂತಾಗುವುದು ನರದ್ದು. ಪಕ್ಕೆಲುಬಿನ ನಡುವಿನಿಂದ ಹೊರಟು ಕಂಕುಳು ದಾಟಿ ತೋಳಿನ ಒಳಬದಿಗೆ ಬರುವ ನರ ಈ ಶಸ್ತ್ರಚಿಕಿತ್ಸೆಯಲ್ಲಿ ಜಗ್ಗಬಹುದು, ಕತ್ತರಿಸಿಹೋಗಬಹುದು. ಮೂರು ತಿಂಗಳು ಮೀರಿ ಉಳಿದರೆ ಅದು ತಾನಾಗಿ ಹೋಗಲೆಂದು ಕಾಯುವ ನೋವಲ್ಲ. ಕೈ ಮೇಲೆತ್ತಿದಾಗ ಹಿಡಿಯುವುದು ಭುಜದ್ದು, ಅದಕ್ಕೆ ವ್ಯಾಯಾಮ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳು ಮಡಚಲಾಗದ್ದು ಕ್ಯಾನ್ಸರ್ ಮರುಕಳಿಸದಿರಲೆಂದು ನಾನು ನುಂಗುವ ಲೆಟ್ರೊಜೋಲ್ ಮಾತ್ರೆಯದು, ಅದನ್ನು ನಾನಾಗಿ ನಿಲ್ಲಿಸಬಾರದು, ಕ್ಯಾನ್ಸರ್ ಡಾಕ್ಟರನ್ನು ಕೇಳಬೇಕು. ಭಾರ, ಬಿಗಿತ ಬಾವಿನದು.

ನರಕ್ಕೆ ಪ್ರಿಗ್ಯಾಬಲಿನ್ ಕೊಟ್ಟರು, ಕಡಿಮೆ ಪ್ರಮಾಣದಲ್ಲಿ ರಾತ್ರಿ ಮಾತ್ರ. ಮೊದಮೊದಲು ಬೆಳಿಗ್ಗೆ ತಲೆ ತೂಗಾಡುತ್ತಿತ್ತು, ಮಿಷನ್ನಿನ ಮುಂದೆ ಕೂರಲಿಲ್ಲ. ಕ್ರಮೇಣ ಹೊಂದಿಕೊಂಡಿತು. ಒಮ್ಮೆಲೇ ಬಿಡಬಾರದು ಎಂದು ಒತ್ತಿ ಹೇಳಿದ್ದಾರೆ. ಜನೌಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ನನ್ನ ಲೆಟ್ರೊಜೋಲ್ ಬದಲು ನೀವು ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ನೋವಿನ ಡಾಕ್ಟರಿಗೆ ಮೊದಲೇ ಹೇಳಿ. ನರಕ್ಕೂ ಮನಸ್ಸಿಗೂ ಕೊಡುವ ಕೆಲವು ಮಾತ್ರೆಗಳು ಅದರ ಕೆಲಸವನ್ನು ಕುಗ್ಗಿಸುತ್ತವೆ.

ಅವರು ಹೇಳಿದ ಇನ್ನೊಂದು ಉಪಾಯ ನನಗಾಗಿಯೇ ಹುಟ್ಟಿದಂತಿತ್ತು. ಉರಿಯುವ ಚರ್ಮವನ್ನು ಬಟ್ಟೆಯಿಂದ ರೂಢಿಮಾಡಿಸುವುದು. ಮೊದಲು ನುಣುಪಾದದ್ದು, ಸಹಿಸಿದ ಮೇಲೆ ಒರಟಾದದ್ದು, ದಿನಕ್ಕೆ ಕೆಲವು ಸಲ, ಸ್ವಲ್ಪ ಹೊತ್ತು ಸವರುವುದು. ಚೂರು ಬಟ್ಟೆಗೆ ನನ್ನಲ್ಲಿ ಬರವೇ? ರೇಷ್ಮೆಯಿಂದ ಶುರುಮಾಡಿ ಮಲ್‌ಮಲ್, ಕಾಟನ್, ಕೊನೆಗೆ ನಮ್ಮ ಬೆಟಗೇರಿಯ ಮಗ್ಗದ ಒರಟು ಟವೆಲ್‌ವರೆಗೆ ಬಂದೆ. ಟವೆಲನ್ನು ಈಗಲೂ ಒಂದೊಂದು ದಿನ ಚರ್ಮ ಸಹಿಸುವುದಿಲ್ಲ. ಕುಪ್ಪಸದ ಅಂಚು ಮಾತ್ರ ಈಗ ಚುಚ್ಚುವುದಿಲ್ಲ.

ಭಾರ ಎತ್ತಲೇಬಾರದು ಎನ್ನುವುದು ಹಳೆಯ ಮಾತು. ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಲೀವ್ ಹಾಕಿಕೊಂಡು ನಿಧಾನವಾಗಿ ಭಾರ ಹೆಚ್ಚಿಸುತ್ತ ವ್ಯಾಯಾಮ ಮಾಡಿದವರಿಗೆ ಬಾವು ಹೆಚ್ಚಾಗಲಿಲ್ಲ, ಉಲ್ಬಣಿಸುವುದು ಕಡಿಮೆಯಾಯಿತು ಎಂದು ಮೇಡಂ ಹೇಳಿದರು. ನಾನು ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರುಮಾಡಿದೆ. ಈಗ ಒಂದು ಲೀಟರಿನದು. ತುಂಬಿದ ಕೊಡ ಮಾತ್ರ ಇಂದಿಗೂ ಯಜಮಾನರದೇ ಪಾಲು.

ಅಂಗಡಿ ಮತ್ತೆ ತೆರೆದಿದ್ದೇನೆ. ಮಿಷನ್ನಿಗೆ ಮೋಟಾರು ಹಾಕಿಸಿದೆ, ಕತ್ತರಿಸುವ ಕೆಲಸಕ್ಕೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡೆ, ದಿನಕ್ಕೆ ಹೊಲಿಯುವ ಕುಪ್ಪಸ ಮೊದಲಿನ ಅರ್ಧಕ್ಕಿಂತ ಕಡಿಮೆ. ಆ ಫಿಜಿಯೋಥೆರಪಿ ಮೇಡಂ ಕಳಿಸಿದ ಹೆಣ್ಣುಮಕ್ಕಳು ಕೆಲವರು ಬರುತ್ತಾರೆ, ಅವರಿಗೆ ಹೊಲಿಯುತ್ತ ಕಲಿತದ್ದನ್ನು ಬರೆದುಬಿಡುತ್ತೇನೆ, ನಿಮ್ಮ ದರ್ಜಿಗೆ ತೋರಿಸಿ. ಎರಡೂ ತೋಳಿನ ಅಳತೆ ಬೇರೆ ಬೇರೆ ತೆಗೆಯಬೇಕು. ಬಾತ ಕಡೆಯ ತೋಳಿಗೆ ಸ್ಲೀವ್ ಹಾಕಿದ ಮೇಲೆ ಅಳೆದು ಒಂದು ಇಂಚು ಸಡಿಲ ಬಿಡಬೇಕು, ತೋಳಿನ ತುದಿಗೆ ಇಲಾಸ್ಟಿಕ್, ಬಿಗಿ ಪಟ್ಟಿ ಬೇಡ. ಕಂಕುಳಿನ ಹತ್ತಿರ ಒಳಗೆ ಮಡಿಸಿದ ಬಟ್ಟೆ ಹೆಚ್ಚು ಇರಬಾರದು, ಅಲ್ಲಿಗೆ ಮೆತ್ತನೆಯ ಮಲ್‌ಮಲ್ ಅಸ್ತರ. ಕೃತಕ ಸ್ತನ ಇಡುವವರಿಗೆ ಒಳಗೊಂದು ಜೇಬು, ಬಾಯಿ ಪಕ್ಕೆಯ ಕಡೆಗಿರಲಿ. ಹುಕ್ಕು ಮುಂದೆ. ಕೈ ಹಿಂದಕ್ಕೆ ತಿರುಗಿಸುವುದು ಬಹಳ ದಿನ ಆಗುವುದಿಲ್ಲ.